ಮಾತ್ರೆ ಬಂತು, ಕೂಲಿ ಎಲ್ಲಿ?

ಮಾಮೂಲಿ ಔಷಧಕ್ಕೆ ಜಗ್ಗದ ಕ್ಷಯಕ್ಕೆ ಇಪ್ಪತ್ತು ತಿಂಗಳವರೆಗೂ ಮಾತ್ರೆ ನುಂಗಬೇಕಿತ್ತು. ಬೆಡಾಕ್ವಿಲಿನ್ ಸೇರಿದ ನಾಲ್ಕು ಔಷಧಗಳ ಹೊಸ ಚಿಕಿತ್ಸೆ 6 ತಿಂಗಳಲ್ಲೇ ಗುಣಪಡಿಸಬಲ್ಲದೆಂದು 2024ರಲ್ಲಿ ಭಾರತ ಸರ್ಕಾರವೂ ಒಪ್ಪಿತು. ಬೆಡಾಕ್ವಿಲಿನ್ ಮೇಲಿನ ಹಿಡಿತ ಇನ್ನಷ್ಟು ವರ್ಷ ಬೇಕೆಂದ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ಅರ್ಜಿಯನ್ನು ನಮ್ಮ ಪೇಟೆಂಟ್ ಕಚೇರಿ 2023ರಲ್ಲಿ ತಳ್ಳಿಹಾಕಿತು. ಎದುರು ನಿಂತವರಲ್ಲಿ ಕ್ಷಯ ಗೆದ್ದ ಇಬ್ಬರು ಹೆಣ್ಣುಮಕ್ಕಳಿದ್ದರು: ನಂದಿತಾ ವೆಂಕಟೇಶನ್, ಫುಮೇಜಾ ಟಿಸಿಲೆ. ವಿಜ್ಞಾನ ಕಂಪನಿಗಳ ಜಹಗೀರಲ್ಲ, ನಮ್ಮದೂ ಹೌದು.

ಆದರೆ ಆ ಆರು ತಿಂಗಳು ನಮ್ಮ ಒಲೆ ಹಚ್ಚೋರು ಯಾರು? ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೆ ಕಾರ್ಡು ಹಿಡಿದು ಬರುವ ಕಾರ್ಮಿಕ ಎರಡು ವರ್ಷ ವಂತಿಗೆ ಕಟ್ಟಿದ್ದರೆ, ಕ್ಷಯ ಬಂದಾಗ ಕೂಲಿಯ ಶೇ. 80ರಷ್ಟು ಪಡೆಯಬಹುದು. ಅದು ಹೋರಾಡಿ ಪಡೆದ ಹಕ್ಕು. ಅದೇ ರಾಜಾಜಿನಗರದ ಮಹಡಿ ಮನೆಗಳಲ್ಲಿ ಮುಸುರೆ ತಿಕ್ಕುವ ಅವ್ವನಿಗೆ, ವಿಜಯನಗರದ ಬೀದಿಯಲ್ಲಿ ಸೊಪ್ಪು ಮಾರುವ ಅಕ್ಕನಿಗೆ, ಕೆಂಗೇರಿಯಲ್ಲಿ ಚಿಂದಿ ಆಯುವ ಅಣ್ಣನಿಗೆ ಆ ಕಾರ್ಡೇ ಇಲ್ಲ. ಅವರಿಗೆ ಉಳಿಯೋದು ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಕೊಡುವ ತಿಂಗಳ 1,000 ರೂಪಾಯಿ. ಬಾಡಿಗೆಗೂ ಸಾಲದು. ಕೆಮ್ಮುತ್ತಲೇ ಕೆಲಸಕ್ಕೆ ಓಡ್ತಾರೆ, ಮಾತ್ರೆ ತಪ್ಪುತ್ತೆ. ಆಮೇಲೆ ಚಿಕಿತ್ಸೆ ಬಿಟ್ಟವರು ಅನ್ನೋ ಹಣೆಪಟ್ಟಿ ಬೇರೆ! ಬಿಟ್ಟವರು ಯಾರು ಸ್ವಾಮಿ, ಅವರೋ, ನೀವೋ?

ಮಾತ್ರೆಯ ಜೊತೆಗೆ ಕೂಲಿಯನ್ನೂ ಕೊಡಿ. ನಾವು ಕೇಳುತ್ತಿರುವುದು ಭಿಕ್ಷೆಯಲ್ಲ, ಔಷಧದ ಇನ್ನರ್ಧ.