ಮಾತ್ರೆ ಕೊಡುವ ಸಿಸ್ಟರ್‌ಗೆ ಸಹಿ ಹಾಕುವ ಹಕ್ಕು ಯಾಕಿಲ್ಲ?

2019ರ ಜುಲೈ 31ರಂದು ಭಾರತೀಯ ವೈದ್ಯಕೀಯ ಸಂಘ ದೇಶದಾದ್ಯಂತ 24 ಗಂಟೆಗಳ ಮುಷ್ಕರಕ್ಕೆ ಕರೆ ಕೊಟ್ಟಿತ್ತು. ತುರ್ತು ಚಿಕಿತ್ಸೆಗೆ ಮಾತ್ರ ವಿನಾಯಿತಿ. ಸಿಟ್ಟಿದ್ದದ್ದು ರಾಷ್ಟ್ರೀಯ ವೈದ್ಯಕೀಯ ಆಯೋಗ ಮಸೂದೆಯ ಮೇಲೆ, ಅದರಲ್ಲೂ ಅದರ 32ನೇ ಕಲಮಿನ ಮೇಲೆ. ಸಮುದಾಯ ಆರೋಗ್ಯ ಸೇವೆ ಒದಗಿಸುವವರು ಎಂಬ ಹೊಸ ವರ್ಗಕ್ಕೆ ಆಯೋಗ ಸೀಮಿತ ಲೈಸೆನ್ಸ್ ಕೊಡಬಹುದು ಎನ್ನುತ್ತದೆ ಆ ಕಲಮು. ಪ್ರಾಥಮಿಕ ಚಿಕಿತ್ಸೆ ಮತ್ತು ರೋಗ ತಡೆಯುವ ಕೆಲಸದಲ್ಲಿ ಗೊತ್ತುಪಡಿಸಿದ ಔಷಧಿಗಳನ್ನು ಅವರು ಸ್ವತಂತ್ರವಾಗಿ ಬರೆಯಬಹುದು, ಬೇರೆ ಕಡೆ ವೈದ್ಯರ ಮೇಲ್ವಿಚಾರಣೆ ಬೇಕೇ ಬೇಕು. ಇಂಥವರ ಸಂಖ್ಯೆ ಲೈಸೆನ್ಸ್ ಪಡೆದ ವೈದ್ಯರ ಮೂರನೇ ಒಂದು ಭಾಗವನ್ನು ಮೀರಕೂಡದು. ಇದು ನಕಲಿ ವೈದ್ಯರಿಗೆ ಕಾನೂನಿನ ಮುದ್ರೆ ಒತ್ತುವ ಕೆಲಸ ಎಂದು ಸಂಘ ಗುಡುಗಿತು. ಮುಷ್ಕರ ನಡೆದ ಎಂಟೇ ದಿನಕ್ಕೆ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು.

ಆಮೇಲೆ ಗದ್ದಲ ಅಡಗಿತು. ಆದರೆ ಉಪಕೇಂದ್ರದಲ್ಲಿ ಕೂತು ದಿನವೂ ರೋಗಿಗಳನ್ನು ನೋಡುವ ನರ್ಸಿನ ಕೈಗೆ ಆ ಸೀಮಿತ ಲೈಸೆನ್ಸೂ ಬರಲಿಲ್ಲ. ಕೆಲಸ ಮಾತ್ರ ಬಂತು.

ಏನು ಕೆಲಸ ಎಂದು ನೋಡೋಣ. 2018ರ ಏಪ್ರಿಲ್ 14ರಂದು ಛತ್ತೀಸಗಢದ ಬಿಜಾಪುರ ಜಿಲ್ಲೆಯ ಜಾಂಗ್ಲಾದಲ್ಲಿ ಮೊದಲ ಆರೋಗ್ಯ ಮತ್ತು ಕ್ಷೇಮ ಕೇಂದ್ರವನ್ನು ಪ್ರಧಾನಿ ಉದ್ಘಾಟಿಸಿದರು. ದೇಶದಲ್ಲಿ ಒಂದೂವರೆ ಲಕ್ಷ ಇಂಥ ಕೇಂದ್ರಗಳಾಗಬೇಕೆಂಬುದು ಗುರಿ. ಈಗ ಬೋರ್ಡು ಬದಲಾಗಿ ಆಯುಷ್ಮಾನ್ ಆರೋಗ್ಯ ಮಂದಿರ ಆಗಿದೆ. ಬಯಲುಸೀಮೆಯಲ್ಲಿ 5,000 ಜನಕ್ಕೆ, ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ, ಅಲ್ಲೊಬ್ಬ ಸಮುದಾಯ ಆರೋಗ್ಯ ಅಧಿಕಾರಿ, ಜನರ ಬಾಯಲ್ಲಿ ಸಿಎಚ್‌ಒ. ಓದಿದ್ದು ಹೆಚ್ಚಾಗಿ ನರ್ಸಿಂಗ್; ಅದರ ಮೇಲೆ ಆರು ತಿಂಗಳ ಸಮುದಾಯ ಆರೋಗ್ಯ ಸರ್ಟಿಫಿಕೇಟ್, ಅಥವಾ ಬಿಎಸ್‌ಸಿ ನರ್ಸಿಂಗ್‌ನೊಳಗೇ ಆ ಪಾಠ. (ಸಿಸ್ಟರ್ ಎಂದು ಬರೆಯುತ್ತಿದ್ದೇನೆ, ಗಂಡಸರೂ ಬೇಕಾದಷ್ಟಿದ್ದಾರೆ, ಊರವರಿಗೆ ಅವರು ನೇರವಾಗಿ ‘ಡಾಕ್ಟ್ರೇ’.) ಉಪಕೇಂದ್ರದ ಕಪಾಟಿನಲ್ಲಿ ಇರಬೇಕಾದ ಅಗತ್ಯ ಔಷಧಿಗಳ ಪಟ್ಟಿಯಲ್ಲಿ 105 ಹೆಸರುಗಳಿವೆ.

105 ಔಷಧಿ ಇರುವ ಕೋಣೆಯಲ್ಲಿ ದಿನವಿಡೀ ಒಬ್ಬರೇ ಕೂತವರು ಔಷಧಿ ‘ಬರೆಯುವುದಿಲ್ಲ’ ಎಂದು ನಂಬಲು ಸರ್ಕಾರಿ ಕಡತಕ್ಕೆ ಮಾತ್ರ ಸಾಧ್ಯ. ಕಡತದ ಪ್ರಕಾರ ಬಿಪಿ, ಶುಗರ್ ಮಾತ್ರೆಗಳನ್ನು ಮೊದಲು ಶುರುಮಾಡುವವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಸಿಸ್ಟರ್ ತಿಂಗಳು ತಿಂಗಳು ಅದನ್ನೇ ಮುಂದುವರಿಸಿ ಕೊಡುವವರು. ಹೊಸ ರೋಗಿ ಬಂದರೆ ಇ-ಸಂಜೀವಿನಿಯಲ್ಲಿ ವಿಡಿಯೋ ಕರೆ ಮಾಡಿ ದೂರದ ವೈದ್ಯರಿಂದ ಚೀಟಿ ಪಡೆಯಬೇಕು. ನೆಟ್‌ವರ್ಕ್ ಇದ್ದ ಊರಿನಲ್ಲಿ ಇದು ಒಳ್ಳೆಯ ವ್ಯವಸ್ಥೆಯೇ. ಆದರೆ ಆ ಕರೆಯಲ್ಲಿ ನಡೆಯುವುದೇನು? ರೋಗಿಯ ಕೈಹಿಡಿದು ನಾಡಿ ನೋಡಿದವರು ಸಿಸ್ಟರ್. ಬಿಪಿ ಅಳೆದವರು, ಕಾಲಿನ ಊತ ಒತ್ತಿ ನೋಡಿದವರು, ಹಿಂದೆ ನುಂಗಿದ ಮಾತ್ರೆಯ ಖಾಲಿ ಪಟ್ಟಿ ತರಿಸಿದವರು ಅವರೇ. ಆ ಕಡೆಯಿಂದ ‘ಆಯ್ತು, ಕೊಡಿ’ ಎಂಬ ಎರಡು ಮಾತು, ಅದರ ಮೇಲೊಂದು ಡಿಜಿಟಲ್ ಸಹಿ. ಎಷ್ಟು ಕರೆ ಮಾಡಿದಿರಿ ಎಂಬ ಲೆಕ್ಕ ಸಾಧನೆಯ ಪಟ್ಟಿಗೆ ಹೋಗುತ್ತದೆ. ಕೊಟ್ಟ ಔಷಧಿ ಸರಿಯಿತ್ತೇ ಎಂಬ ಲೆಕ್ಕ ಯಾವ ಪಟ್ಟಿಗೂ ಹೋಗುವುದಿಲ್ಲ.

ವೈದ್ಯರ ಸಂಘದ ಅತ್ಯಂತ ಗಟ್ಟಿ ವಾದವನ್ನೇ ಎತ್ತಿಕೊಳ್ಳೋಣ: ಔಷಧಿ ಬರೆಯುವುದು ಹುಡುಗಾಟವಲ್ಲ. ಒಪ್ಪಿದೆ, ನೂರಕ್ಕೆ ನೂರು. ಅಮ್ಲೋಡಿಪಿನ್ ಬಿಪಿಗೆ ಸಾಧುವಾದ ಮಾತ್ರೆ, ಆದರೆ ಕೆಲವರಿಗೆ ಅದರಿಂದಲೇ ಪಾದ ಊದಿಕೊಳ್ಳುತ್ತದೆ. ಅದು ಗೊತ್ತಿಲ್ಲದವರು ಊತಕ್ಕೆಂದು ಮೂತ್ರ ಹೆಚ್ಚಿಸುವ ಇನ್ನೊಂದು ಮಾತ್ರೆ ಸೇರಿಸುತ್ತಾರೆ, ಆಮೇಲೆ ಅದು ತಂದ ಸುಸ್ತಿಗೆ ಮತ್ತೊಂದು. ಬಿಪಿಯದೇ ಇನ್ನೊಂದು ಮಾತ್ರೆ ಟೆಲ್ಮಿಸಾರ್ಟನ್ ಗರ್ಭಿಣಿಗೆ ಕೊಡುವಂತಿಲ್ಲ. ಮದುವೆಯಾದ ಮೂವತ್ತರ ಹೆಂಗಸಿಗೆ ಅದನ್ನು ಬರೆಯುವ ಮೊದಲು ಮುಟ್ಟಿನ ತಾರೀಕು ಕೇಳಲೇಬೇಕು. ಮಂಡಿ ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೊಫಿನ್ಯಾಕ್ ಬಿಪಿಯನ್ನು ಏರಿಸುತ್ತದೆ, ಬಿಪಿ ಮಾತ್ರೆಗಳ ಜೊತೆ ಸೇರಿ ಕಿಡ್ನಿಗೆ ಏಟು ಕೊಡುತ್ತದೆ. ಸಕ್ಕರೆ ಕಾಯಿಲೆಗೆ ಗ್ಲಿಮಿಪಿರೈಡ್ ನುಂಗುವ ಅಜ್ಜಿ ಶಿವರಾತ್ರಿ ಉಪವಾಸಕ್ಕೆ ಕೂತರೆ, ರಂಜಾನಿನಲ್ಲಿ ಅಜ್ಜ ರೋಜಾ ಹಿಡಿದರೆ, ಸಕ್ಕರೆ ಇಳಿದು ಪ್ರಜ್ಞೆ ತಪ್ಪುವ ಅಪಾಯವಿದೆ.

ಈಗ ಇವನ್ನೇ ಇನ್ನೊಮ್ಮೆ ಓದಿ. ಇದರಲ್ಲಿ ಯಾವುದಕ್ಕೆ ಹೃದ್ರೋಗ ತಜ್ಞರು ಬೇಕು? ಮುಟ್ಟಿನ ತಾರೀಕು ಕೇಳುವುದಕ್ಕೆ? ಅಜ್ಜಿ ಉಪವಾಸ ಮಾಡುತ್ತಾಳೆಂದು ತಿಳಿಯುವುದಕ್ಕೆ? ಪಕ್ಕದೂರಿನ ಡಿಗ್ರಿಯಿಲ್ಲದ ಆರ್‌ಎಂಪಿಯ ಹತ್ತಿರ ವಾರಕ್ಕೊಂದು ನೋವಿನ ಇಂಜೆಕ್ಷನ್ ಚುಚ್ಚಿಸಿಕೊಳ್ಳುತ್ತಾಳೆಂದು ಪತ್ತೆ ಹಚ್ಚುವುದಕ್ಕೆ? ಇದಕ್ಕೆಲ್ಲ ಬೇಕಾದದ್ದು ಸರಿಯಾದ ಔಷಧಶಾಸ್ತ್ರದ ಪಾಠ, ರೋಗಿಯ ಮನೆಯ ಗುರುತು, ಕೇಳಲು ಪುರುಸೊತ್ತು. ಭಾರತದಲ್ಲಿ ಪ್ರಾಥಮಿಕ ಹಂತದ ವೈದ್ಯರು ರೋಗಿಗೆ ಕೊಡುವ ಸಮಯ ಸರಾಸರಿ ಎರಡು ನಿಮಿಷದ ಆಸುಪಾಸು ಎಂದು 2017ರಲ್ಲಿ ಬಂದ ಜಾಗತಿಕ ಪರಾಮರ್ಶೆಯೊಂದು ಲೆಕ್ಕ ಕೊಟ್ಟಿತ್ತು. ಎರಡು ನಿಮಿಷದಲ್ಲಿ ಚೀಟಿ ಬರೆಯಬಹುದು, ಮೇಲಿನ ಯಾವ ಪ್ರಶ್ನೆಯನ್ನೂ ಕೇಳಲಾಗದು. ಇದು ವೈದ್ಯರ ಮೇಲಿನ ದೂರಲ್ಲ. ಹೊರಗೆ ನೂರು ಜನ ಸಾಲಿನಲ್ಲಿದ್ದರೆ ಧನ್ವಂತರಿಗೂ ಅಷ್ಟೇ ಸಮಯ.

ಬೇರೆ ದೇಶಗಳಲ್ಲಿ ಈ ವಾದ ಎಂದೋ ನಡೆದು ಹಳತಾಗಿದೆ. ಅಮೆರಿಕದಲ್ಲಿ ನರ್ಸ್ ಪ್ರಾಕ್ಟೀಷನರ್ ಎಂಬ ಹುದ್ದೆ ಹುಟ್ಟಿದ್ದು 1965ರಲ್ಲಿ, ಕೊಲರಾಡೊ ವಿಶ್ವವಿದ್ಯಾಲಯದಲ್ಲಿ, ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರ ಜೋಡಿಯಿಂದ. 2000ನೇ ಇಸವಿಯಲ್ಲಿ ನ್ಯೂಯಾರ್ಕಿನಲ್ಲಿ 1,316 ರೋಗಿಗಳನ್ನು ಚೀಟಿ ಎತ್ತಿದಂತೆ ಇಬ್ಭಾಗ ಮಾಡಿ, ಒಂದು ಗುಂಪನ್ನು ನರ್ಸ್ ಪ್ರಾಕ್ಟೀಷನರ್‌ಗಳಿಗೂ ಇನ್ನೊಂದನ್ನು ವೈದ್ಯರಿಗೂ ಒಪ್ಪಿಸಿದ ಅಧ್ಯಯನ ಪ್ರಕಟವಾಯಿತು. ಔಷಧಿ ಬರೆಯುವ ಅಧಿಕಾರ ಎರಡೂ ಕಡೆ ಒಂದೇ. ಆಸ್ತಮಾ, ಸಕ್ಕರೆ ಕಾಯಿಲೆಯಲ್ಲಿ ಫಲಿತಾಂಶ ಸಮಸಮ. ಬಿಪಿಯಲ್ಲಿ ಕೆಳಗಿನ ಅಂಕಿ ನರ್ಸ್‌ಗಳ ರೋಗಿಗಳಿಗೆ 82, ವೈದ್ಯರ ರೋಗಿಗಳಿಗೆ 85. ಇಂಥ 18 ಪ್ರಯೋಗಗಳನ್ನು ಒಟ್ಟು ಹಾಕಿದ 2018ರ ಕೊಕ್ರೇನ್ ಪರಾಮರ್ಶೆಯೂ ಪ್ರಾಥಮಿಕ ಚಿಕಿತ್ಸೆಯಲ್ಲಿ ನರ್ಸ್‌ಗಳ ಕೆಲಸ ವೈದ್ಯರಿಗಿಂತ ಕಡಿಮೆಯಿಲ್ಲ, ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ ಎಂದಿತು.

ಬ್ರಿಟನ್ನಿನಲ್ಲಿ 1992ರ ಕಾಯ್ದೆಯಿಂದ ಶುರುವಾಗಿ, 2006ರ ಹೊತ್ತಿಗೆ ತರಬೇತಾದ ನರ್ಸ್ ಹೆಚ್ಚು ಕಡಿಮೆ ಎಲ್ಲ ಔಷಧಿಗಳನ್ನು ಸ್ವತಂತ್ರವಾಗಿ ಬರೆಯುವ ಹಾಗಾಯಿತು. ಹಾಗಂತ ಅಲ್ಲಿ ಅದು ಪುಕ್ಕಟೆ ಸಿಗುವ ಬಿರುದಲ್ಲ. ವಿ300 ಎಂಬ ಪ್ರತ್ಯೇಕ ಕೋರ್ಸು, ಅನುಭವಿಯೊಬ್ಬರ ಕಣ್ಣೆದುರಿನ ಅಭ್ಯಾಸ, ಔಷಧಶಾಸ್ತ್ರದ ಪರೀಕ್ಷೆಯಲ್ಲಿ ಕನಿಷ್ಠ ನೂರಕ್ಕೆ 80, ಡೋಸ್ ಲೆಕ್ಕದ ಪರೀಕ್ಷೆಯಲ್ಲಿ ನೂರಕ್ಕೆ ನೂರು. ಒಂದು ಲೆಕ್ಕ ತಪ್ಪಿದರೂ ಫೇಲು. ಮಂಗಳೂರಿನಲ್ಲಿ ಓದಿದ ನರ್ಸ್ ಲೀಡ್ಸ್‌ಗೆ ಹೋಗಿ ಆ ಪರೀಕ್ಷೆ ಪಾಸಾದರೆ ಇಂಗ್ಲಿಷರಿಗೆ ಬಿಪಿ ಮಾತ್ರೆ ಬರೆಯಬಹುದು. ಅದೇ ನರ್ಸ್ ಬಂಟ್ವಾಳಕ್ಕೆ ಮರಳಿದರೆ ಅವರ ಸಹಿಗೆ ಬೆಲೆಯಿಲ್ಲ, ಏಕೆಂದರೆ ನಮ್ಮ 1945ರ ಔಷಧ ನಿಯಮಗಳ ಪ್ರಕಾರ ಚೀಟಿ ಎಂದರೆ ನೋಂದಾಯಿತ ವೈದ್ಯರ ಸಹಿ ಇರುವ ಕಾಗದ.

ಇಲ್ಲಿ ವೈದ್ಯರ ಸಂಘದವರು ಅಡ್ಡ ಬರುತ್ತಾರೆ: ‘ಅಮೆರಿಕದವರು ಸ್ನಾತಕೋತ್ತರ ಓದಿದ ನರ್ಸ್‌ಗಳು, ನಿಮ್ಮದು ಆರು ತಿಂಗಳ ಸರ್ಟಿಫಿಕೇಟು.’ ಈ ಏಟು ಸರಿಯಾದ ಜಾಗಕ್ಕೇ ಬಿದ್ದಿದೆ. ಆರು ತಿಂಗಳಲ್ಲಿ ಆರೋಗ್ಯ ಇಲಾಖೆಯ ಕಾರ್ಯಕ್ರಮಗಳ ಹೆಸರು ಕಲಿಯುವಷ್ಟರಲ್ಲಿ ಕೋರ್ಸು ಮುಗಿಯುತ್ತದೆ. ಅಮೆರಿಕದಲ್ಲೂ ಎಲ್ಲ ವರದಿಗಳು ನರ್ಸ್‌ಗಳ ಪರವಾಗಿಲ್ಲ. ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಗಳನ್ನು ನೋಡಿದ 2022ರ ಅಧ್ಯಯನವೊಂದು, ವೈದ್ಯರಿಲ್ಲದೆ ನರ್ಸ್ ಪ್ರಾಕ್ಟೀಷನರ್‌ಗಳೇ ನೋಡಿದಾಗ ಖರ್ಚು ಹೆಚ್ಚಿತು, ಫಲ ಕುಗ್ಗಿತು ಎಂದು ಹೇಳಿದೆ. ತುರ್ತು ವಿಭಾಗ ಬೇರೆ, ಊರಿನ ಬಿಪಿ ಕ್ಲಿನಿಕ್ ಬೇರೆ ಎನ್ನುವುದು ನನ್ನ ಉತ್ತರ. ಗೆರೆ ಎಲ್ಲಿ ಎಳೆಯಬೇಕೆಂಬುದೇ ಪ್ರಶ್ನೆ.

ಆ ಗೆರೆಯ ಬಗ್ಗೆ ನಮ್ಮ ನೆಲದಲ್ಲೇ ಬೇಕಾದಷ್ಟು ಪಾಠಗಳಿವೆ. ಛತ್ತೀಸಗಢ ರಾಜ್ಯ 2001ರಲ್ಲಿ ಮೂರು ವರ್ಷದ ವೈದ್ಯಕೀಯ ಕೋರ್ಸು ತೆರೆಯಿತು. ವಿವಾದದ ನಡುವೆ ಅದು ಬೇಗನೆ ಮುಚ್ಚಿಯೂ ಹೋಯಿತು. ಪಾಸಾದವರು ಮಾತ್ರ ಹಳ್ಳಿಯ ಆಸ್ಪತ್ರೆಗಳಲ್ಲಿ ಉಳಿದರು. ಮುಂದೆ ಅಳೆದು ನೋಡಿದಾಗ ಸಾಮಾನ್ಯ ಕಾಯಿಲೆಗಳ ಚಿಕಿತ್ಸೆಯಲ್ಲಿ ಅವರೂ ಎಂಬಿಬಿಎಸ್ ವೈದ್ಯರೂ ಸರಿಸಮ ಎಂದು ಕಂಡಿತು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಮತ್ತು ರಾಣಿ ಬಂಗ್ ದಂಪತಿ ಇನ್ನೂ ಮುಂದೆ ಹೋದರು. 39 ಹಳ್ಳಿಗಳಲ್ಲಿ ಊರಿನದೇ ಹೆಂಗಸರಿಗೆ ಕಲಿಸಿ, ನಂಜೇರಿದ ಎಳೆಗೂಸುಗಳಿಗೆ ಜೆಂಟಾಮೈಸಿನ್ ಇಂಜೆಕ್ಷನ್ ಕೊಡಿಸಿದರು. ನವಜಾತ ಶಿಶುಗಳ ಮರಣ ಶೇ 62ರಷ್ಟು ಇಳಿಯಿತೆಂದು 1999ರ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಅದೇ ಇಂಜೆಕ್ಷನ್ನನ್ನು ನಿರ್ದಿಷ್ಟ ಸಂದರ್ಭದಲ್ಲಿ ಸಹಾಯಕ ನರ್ಸ್‌ಗಳಾದ ಎಎನ್‌ಎಂಗಳು ಕೊಡಬಹುದೆಂದು ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿದ್ದು 2014ರಲ್ಲಿ. ಹದಿನೈದು ವರ್ಷ ಫೈಲು ಯಾವ ಮೇಜಿನ ಮೇಲೆ ಮಲಗಿತ್ತೋ.

ಇನ್ನೊಂದು ಪಾಠ ಕಹಿ. ಪಶ್ಚಿಮ ಬಂಗಾಳದ ಬೀರಭೂಮಿನಲ್ಲಿ ಡಿಗ್ರಿಯಿಲ್ಲದ ಹಳ್ಳಿ ಡಾಕ್ಟರುಗಳಿಗೆ ಒಂಬತ್ತು ತಿಂಗಳು ತರಬೇತಿ ಕೊಟ್ಟು ಪರೀಕ್ಷಿಸಿದ ಅಧ್ಯಯನ 2016ರಲ್ಲಿ ಹೊರಬಂತು. ಸರಿಯಾದ ಚಿಕಿತ್ಸೆ ಕೊಡುವುದು ಸುಧಾರಿಸಿತು. ಅನಗತ್ಯ ಔಷಧಿ, ಆಂಟಿಬಯೋಟಿಕ್ ಬರೆಯುವ ಚಟ ಹಾಗೇ ಉಳಿಯಿತು. ಅವರ ಹೊಟ್ಟೆಪಾಡು ಔಷಧಿ ಮಾರಾಟದ ಮೇಲೇ ನಿಂತಿದೆಯಲ್ಲ! ಸರ್ಕಾರಿ ಉಪಕೇಂದ್ರದ ಸಿಸ್ಟರ್‌ಗೆ ಮಾತ್ರೆ ಹೆಚ್ಚು ಕೊಟ್ಟರೆ ಬರುವ ಲಾಭ ಸೊನ್ನೆ. ಕಂಪನಿ ಪ್ರತಿನಿಧಿಗಳು ಬ್ಯಾಗು ಹಿಡಿದು ಅವರ ಬಾಗಿಲಿಗೆ ಬರುವುದಿಲ್ಲ. ಬರುವುದು ಯಾರ ಬಾಗಿಲಿಗೆ, ಅವರ ಉಡುಗೊರೆ ತಡೆಯಲು 2024ರ ಮಾರ್ಚಿನಲ್ಲಿ ಸರ್ಕಾರ ಹೊಸ ಸಂಹಿತೆಯನ್ನೇ ಯಾಕೆ ಹೊರಡಿಸಬೇಕಾಯಿತು ಎಂಬುದನ್ನು ಸಂಘದವರೇ ಹೇಳಲಿ.

ವೈದ್ಯರ ಸಂಘ ಬೈದಾಡಬೇಕಾದ ಜಾಗ ಬೇರೆ ಇದೆ. 32ನೇ ಕಲಮಿನ ಭಾಷೆ ನೋಡಿ: ಆಧುನಿಕ ವೈದ್ಯ ವೃತ್ತಿಯೊಂದಿಗೆ ‘ಸಂಬಂಧ ಹೊಂದಿದ’ ವ್ಯಕ್ತಿ. ಸಂಬಂಧ ಯಾರಿಗಿಲ್ಲ? ಕಾಂಪೌಂಡರಿಗೂ ಇದೆ, ಎಕ್ಸ್‌ರೇ ತೆಗೆಯುವವರಿಗೂ ಇದೆ. ಇಷ್ಟು ಸಡಿಲ ಮಾತನ್ನು ಕಾಯ್ದೆಯಲ್ಲಿಟ್ಟದ್ದು ಬೇಜವಾಬ್ದಾರಿ. ಸರ್ಕಾರದ ಲೆಕ್ಕಾಚಾರವೂ ಮುಗ್ಧವಾದದ್ದಲ್ಲ. ಗುತ್ತಿಗೆ ಸಂಬಳದಲ್ಲಿ ಅರ್ಧ ಡಾಕ್ಟರ್ ಸಿಕ್ಕರೆ ಪೂರ್ತಿ ಡಾಕ್ಟರನ್ನು ನೇಮಿಸುವ ತಲೆನೋವು ತಪ್ಪಿತು ಎಂಬ ಆಸೆ ಅದರೊಳಗಿದೆ. ಸಿಸ್ಟರ್‌ಗೆ ಸಹಿಯ ಹಕ್ಕು ಬೇಡ, ಕೆಲಸ ಮಾತ್ರ ಆಗಲಿ ಎಂಬ ಈಗಿನ ಏರ್ಪಾಡು ಅದಕ್ಕೇ ಅನುಕೂಲ: ಎಲ್ಲ ಸರಿಹೋದರೆ ಸಾಧನೆ ಇಲಾಖೆಯದು, ಮಗುವೊಂದಕ್ಕೆ ಹೆಚ್ಚುಕಡಿಮೆಯಾದರೆ ‘ನಿಮಗೆ ಬರೆಯುವ ಅಧಿಕಾರ ಯಾರು ಕೊಟ್ಟರು?’ ಎಂಬ ನೋಟಿಸು ಗುತ್ತಿಗೆ ನೌಕರರ ಕೈಗೆ.

ಹಾಗಾದರೆ ಬೇಕಾದದ್ದೇನು? ಚಿಕ್ಕ ಪಟ್ಟಿ, ಗಟ್ಟಿ ಪರೀಕ್ಷೆ. 2017ರಲ್ಲಿ ಶುರುವಾದ ಭಾರತ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ ದಾರಿ ತೋರಿಸಿಯೇ ಬಿಟ್ಟಿದೆ: ಒಂದು ರಾಜ್ಯಕ್ಕೆ ಒಂದು ಸರಳ ಕ್ರಮ, ಮೂರೇ ಬಗೆಯ ಮಾತ್ರೆ, ಯಾವ ಹಂತದಲ್ಲಿ ಯಾವುದು ಎಂಬುದು ಗೋಡೆಯ ಮೇಲೆ. ಇಂಥ ಕ್ರಮವನ್ನು ಪರೀಕ್ಷೆ ಪಾಸಾದ ನರ್ಸ್ ತಾವೇ ಆರಂಭಿಸಲಿ, ಡೋಸ್ ಏರಿಸಲಿ. ಆಂಟಿಬಯೋಟಿಕ್‌ಗಳಲ್ಲಿ ಅವರಿಗೆ ಒಂದೆರಡು ಹೆಸರು ಸಾಕು, ಅದೂ ಬರೆದಿಟ್ಟ ಲಕ್ಷಣಗಳಿಗೆ ಮಾತ್ರ. ಈ ವಿಷಯದಲ್ಲಿ ನಾನು ಸಂಘಕ್ಕಿಂತ ಬಿಗಿ. ಗರ್ಭಿಣಿ, ಎರಡು ತಿಂಗಳೊಳಗಿನ ಮಗು, ಎದೆನೋವು, 180 ದಾಟಿದ ಬಿಪಿ ಬಂದರೆ ಮೊದಲ ಆರೈಕೆ ಮಾಡಿ ಮೇಲಕ್ಕೆ ಕಳಿಸಲಿ. ಚೀಟಿಯ ಮೇಲೆ ಅವರ ಹೆಸರು, ನೋಂದಣಿ ಸಂಖ್ಯೆ ಎರಡೂ ಇರಲಿ. ಉಪಕೇಂದ್ರದಲ್ಲಿ ಬರೆಯುವವರೂ ಕೊಡುವವರೂ ಒಬ್ಬರೇ ಆದ್ದರಿಂದ ತಪ್ಪು ಹಿಡಿಯುವ ಎರಡನೇ ಕಣ್ಣಿಲ್ಲ; ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ತಿಂಗಳಿಗೊಮ್ಮೆ ಆ ಚೀಟಿಗಳನ್ನು ಕೂತು ಓದಬೇಕು, ಓದುವ ಗಂಟೆ ಅವರ ಕೆಲಸದ ಲೆಕ್ಕಕ್ಕೆ ಸೇರಬೇಕು. ಆರು ತಿಂಗಳ ಸರ್ಟಿಫಿಕೇಟಿನ ಮೇಲೆ ಔಷಧಿ ಬರೆಯುವುದಕ್ಕೆಂದೇ ಇನ್ನೊಂದು ಕೋರ್ಸು, ಡೋಸ್ ಲೆಕ್ಕದಲ್ಲಿ ಬ್ರಿಟನ್ನಿನ ಹಾಗೆ ನೂರಕ್ಕೆ ನೂರು.

ಡಾಕ್ಟರ ಸಹಿಯೊಂದಿದ್ದರೆ ಔಷಧಿ ಸುರಕ್ಷಿತ ಎಂಬ ಭ್ರಮೆಯನ್ನು 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯ ಬಾಣಂತಿಯರ ಸಾವು ಒಡೆದು ಹಾಕಿತು. ಅಲ್ಲಿ ವೈದ್ಯರಿದ್ದರು, ಅನುಮಾನ ಹೋದದ್ದು ಪೂರೈಕೆಯಾದ ಐವಿ ದ್ರಾವಣದ ಗುಣಮಟ್ಟದ ಮೇಲೆ. ಸುರಕ್ಷತೆ ಎಂಬುದು ಕಾರ್ಖಾನೆಯಿಂದ ರೋಗಿಯ ಬಾಯಿಯ ತನಕದ ಇಡೀ ದಾರಿಯ ಕಾವಲು, ಬರೆಯುವ ಕೈ ಅದರಲ್ಲೊಂದು ತಿರುವು.

ಕರ್ನಾಟಕ ಸರ್ಕಾರ 2012ರಲ್ಲಿ ವೈದ್ಯ ಪದವೀಧರರಿಗೆ ಗ್ರಾಮೀಣ ಸೇವೆ ಕಡ್ಡಾಯ ಮಾಡುವ ಕಾಯ್ದೆ ತಂದಾಗ ಅದು ಹೈಕೋರ್ಟ್ ಮೆಟ್ಟಿಲು ಹತ್ತಿ ವರ್ಷಗಟ್ಟಲೆ ಎಳೆದಾಡಿತು. ಹಳ್ಳಿಗೆ ನಾವೂ ಬರುವುದಿಲ್ಲ, ಬಂದವರು ಬರೆಯಲೂ ಕೂಡದು ಎಂಬ ಎರಡು ಮಾತನ್ನು ಒಂದೇ ಬಾಯಲ್ಲಿ ಆಡುವಂತಿಲ್ಲ. ಆದ್ದರಿಂದ ಸಂಘದ ರಾಜ್ಯ ಶಾಖೆಗೆ ನನ್ನ ಮನವಿ: ಉಪಕೇಂದ್ರದ 105 ಔಷಧಿಗಳಲ್ಲಿ ಯಾವುವನ್ನು ನರ್ಸ್ ಸ್ವಂತ ಸಹಿಯಲ್ಲಿ ಬರೆಯಬಹುದು, ಯಾವುವನ್ನು ಮುಟ್ಟಲೇಬಾರದು ಎಂಬ ಪಟ್ಟಿಯನ್ನು ನೀವೇ ಮುಂದೆ ನಿಂತು ಮಾಡಿಕೊಡಿ. ಔಷಧಶಾಸ್ತ್ರ ಕಲಿಸಲು ನಿಮ್ಮ ಅಧ್ಯಾಪಕರನ್ನು ಕಳಿಸಿ. ಆರೋಗ್ಯ ಇಲಾಖೆ ಆ ಪಟ್ಟಿಗೆ ಕಾನೂನಿನ ಬಲ ಕೊಡಿಸಲು ದೆಹಲಿಯಲ್ಲಿ ಜಗಳವಾಡಲಿ, ಅದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಉಪಕೇಂದ್ರದ ಬಾಗಿಲಿಗೆ ಅಂಟಿಸಲಿ. ಅದಾಗದಿದ್ದರೆ ಈ ಕೇಂದ್ರಗಳ ಬೋರ್ಡಿನಿಂದ ‘ಆರೋಗ್ಯ’ ಎಂಬ ಪದವನ್ನಾದರೂ ಅಳಿಸಿ, ‘ಇಲ್ಲಿ ಬಿಪಿ ನೋಡಲಾಗುವುದು, ಮಾತ್ರೆಗೆ ಬೇರೆ ಕಡೆ ವಿಚಾರಿಸಿ’ ಎಂದು ಬರೆಸಿಬಿಡಲಿ.