ಹೋಗುವಾಗ ಎರಡು, ಬರುವಾಗ ನಾಲ್ಕೂವರೆ

ಮಂಗಳೂರಿನಿಂದ ದುಬೈಗೆ ಹೊರಟವರ ಟಿಕೆಟ್ ನೋಡಿ. ಹೊರಡುವ ಹೊತ್ತಿಗೂ ತಲುಪುವ ಹೊತ್ತಿಗೂ ನಡುವೆ ಎರಡೇ ಗಂಟೆ. ಬರುವ ಟಿಕೆಟ್ಟಿನಲ್ಲಿ ಅದು ನಾಲ್ಕೂವರೆ ದಾಟಿರುತ್ತದೆ. ದಾರಿ ಒಂದೇ, ಅರಬ್ಬೀ ಸಮುದ್ರದ ಮೇಲೆ ಸುಮಾರು 2,450 ಕಿಲೋಮೀಟರ್. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದಿರುವುದರಿಂದ ಲೆಕ್ಕ ಹೀಗೆ ಕಾಣುತ್ತದೆ. ನಿಜವಾಗಿ ಹೋಗಲು ಮೂರೂವರೆ ಗಂಟೆ ಬೇಕು. ಬರಲು ಅದಕ್ಕಿಂತ ತುಸು ಕಡಿಮೆ ಸಾಕು. ಚಳಿಗಾಲದಲ್ಲಂತೂ ಎತ್ತರದ ಪಡುವಣ ಗಾಳಿ ಊರಿಗೆ ಬರುವವರ ಬೆನ್ನಿಗಿರುತ್ತದೆ.

ಹಿಂದೆ ಗಲ್ಫಿಗೆ ಹೋಗುವವರು ಮುಂಬಯಿಯಲ್ಲಿ ಹಡಗು ಹತ್ತಿ ದಿನಗಟ್ಟಲೆ ಕಡಲಲ್ಲಿರುತ್ತಿದ್ದರು. ಆ ಮಾರ್ಗದ ‘ದ್ವಾರಕಾ’ ಹಡಗು 1982ರವರೆಗೂ ಓಡಿತು. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣ 1951ರದ್ದಾದರೂ ಅಲ್ಲಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅಲ್ಲಿಯವರೆಗೆ ಕರಾವಳಿಯವರು ಪೆಟ್ಟಿಗೆ ಹೊತ್ತು ಮುಂಬಯಿಗೋ ಕಲ್ಲಿಕೋಟೆಗೋ ಹೋಗಬೇಕಿತ್ತು.

ಈ ನೇರ ದಾರಿಯ ಸುಖವನ್ನು ನಾನು ಕಂಡದ್ದು ಬರ್ ದುಬೈಯ ಒಂದು ಹೂವಿನಂಗಡಿಯಲ್ಲಿ. ಉಡುಪಿ ಬಳಿಯ ಶಂಕರಪುರದ ಮಲ್ಲಿಗೆ ಬಂದಿತ್ತು. ಮುಂಜಾನೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿ, ಚೆಂಡು ಸುತ್ತುತ್ತಾರೆ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ನಮ್ಮ ಕಡೆಯ ಹೆಂಗಸೊಬ್ಬರು ಬಾಳೆಲೆ ಬಿಡಿಸಿ, ಬೆಲೆ ಕೇಳುವ ಮೊದಲು ಮೂಸಿ ನೋಡಿದರು. ಎಲೆಯೊಳಗೆ ಇನ್ನೂ ತಂಪಿತ್ತು. ಮೊಗ್ಗುಗಳು ಆಗಷ್ಟೇ ಬಾಯಿ ಬಿಡುತ್ತಿದ್ದವು.

ಆದರೆ ಹೂವಿಗೆ ದಕ್ಕಿದ ಈ ಹತ್ತಿರ ಎಲ್ಲರಿಗೂ ದಕ್ಕಿಲ್ಲ. ದುಬೈಯ ಸೋನಾಪುರದಲ್ಲೋ ಅಬುಧಾಬಿಯ ಮುಸಫ್ಫಾದಲ್ಲೋ ಕಾರ್ಮಿಕರ ಕ್ಯಾಂಪಿನಲ್ಲಿರುವ ಹುಡುಗನನ್ನು “ಊರಿಗೆ ಯಾವಾಗ ಮಾರಾಯ?” ಎಂದು ಕೇಳಿದರೆ ಉತ್ತರ ತಿಂಗಳುಗಳಲ್ಲಿ ಬರುತ್ತದೆ: “ಇನ್ನು ಹದಿನಾಲ್ಕು ತಿಂಗಳುಂಟು.” ಅಲ್ಲಿನ ಕಾನೂನಿನಲ್ಲಿ ವರ್ಷಕ್ಕೆ 30 ದಿನದ ರಜೆ ಇದೆ. ಆದರೆ ಕಂಪನಿ ಟಿಕೆಟ್ ಕೊಡುವುದು ಎರಡು ವರ್ಷಕ್ಕೊಮ್ಮೆ ಎಂದು ರಜೆ ಕೂಡಿಟ್ಟು ಬರುವವರೇ ಬಹಳ. ಸ್ವಂತ ದುಡ್ಡಿನಲ್ಲಿ ಬರೋಣವೆಂದರೆ ಶಾಲೆಗೆ ರಜೆ ಬಿಟ್ಟ ತಿಂಗಳಲ್ಲೇ ದರ ಗಗನಕ್ಕೇರಿರುತ್ತದೆ. ಅಜ್ಜನ ಹಡಗು ದಿನಗಳಲ್ಲಿ ದಾಟಿದ ಕಡಲನ್ನು ದಾಟಲು ಮೊಮ್ಮಗ ಎರಡು ವರ್ಷ ಕಾಯುತ್ತಾನೆ.

ವಿಮಾನದ ವೇಗ ಇನ್ನು ಹೆಚ್ಚಬೇಕಿಲ್ಲ. ವರ್ಷದ ರಜೆಯ ಜೊತೆ ವರ್ಷಕ್ಕೊಂದು ಟಿಕೆಟ್ ಕೊಟ್ಟರೆ, ರಜೆಯ ತಿಂಗಳಲ್ಲಿ ದರಕ್ಕೊಂದು ಮಿತಿ ಇಟ್ಟರೆ, ಎಷ್ಟೋ ಮನೆಗಳಿಗೆ ದುಬೈ ನಿಜಕ್ಕೂ ಹತ್ತಿರವಾದೀತು.

ಕಾಪುವಿನ ಒಂದು ಮನೆಯಲ್ಲಿ ತಾಯಿ ರಾತ್ರಿ ಹತ್ತಾದರೂ ಫೋನು ಮುಟ್ಟುವುದಿಲ್ಲ. “ಅಲ್ಲಿ ಈಗ ಎಂಟೂವರೆ ಅಷ್ಟೆ, ಮಗ ಬಸ್ಸಿಳಿದು ಬಂದಿರಲಿಕ್ಕಿಲ್ಲ” ಎನ್ನುತ್ತಾರೆ. ವಿಮಾನ ಹತ್ತದ ಆ ತಾಯಿ ಒಂದೂವರೆ ಗಂಟೆ ಕಳೆಯುವ ಲೆಕ್ಕವನ್ನು ದಿನವೂ ಮಾಡುತ್ತಾರೆ.