ರಾಜರು ರೋಲ್ಸ್ ರಾಯ್ಸ್ ಕಾರಿನಲ್ಲಿ ಕಸ ಹೊರಿಸಿದ್ದರೇ? ಹಳೆ ಕಾರಿನ ಕ್ಲಬ್‌ಗಳಿಂದ ನಾವು ಕಲಿಯಬಹುದಾದ್ದು

ಸಾದಾ ಬಟ್ಟೆಯಲ್ಲಿ ಲಂಡನ್ನಿನ ರೋಲ್ಸ್ ರಾಯ್ಸ್ ಷೋರೂಮಿಗೆ ಹೋದ ಭಾರತದ ಮಹಾರಾಜರೊಬ್ಬರನ್ನು ಅಲ್ಲಿನ ಸೇಲ್ಸ್‌ಮನ್ ಅವಮಾನ ಮಾಡಿ ಹೊರಗೆ ಕಳಿಸಿದ. ರಾಜರು ಸಿಟ್ಟಿನಲ್ಲಿ ಒಂದೇ ಸಲಕ್ಕೆ ಆರೇಳು ಕಾರು ಕೊಂಡು, ಊರಿಗೆ ತಂದು, ಮುಂದೆ ಪೊರಕೆ ಕಟ್ಟಿಸಿ ಬೀದಿ ಗುಡಿಸಲು ಬಿಟ್ಟರು. ಕಂಪನಿ ತಂತಿ ಕಳಿಸಿ ಕ್ಷಮೆ ಕೇಳಿತು. ಜೊತೆಗೆ ಪೊರಕೆ ಕಟ್ಟಿದ ಕಾರಿನ ಕಪ್ಪುಬಿಳುಪು ಫೋಟೋ. ಈ ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರಬಹುದು. ಓದಿ ಹೆಮ್ಮೆಯೆನಿಸಿ ನೀವೂ ನಾಲ್ಕು ಗುಂಪಿಗೆ ಕಳಿಸಿರಬಹುದು.

ಇದರಲ್ಲಿ ನಿಜವೆಷ್ಟು?

ರಾಜರ ಹೆಸರೇ ಬದಲಾಗುತ್ತದೆ

ಹೆಚ್ಚಿನ ಫಾರ್ವರ್ಡ್‌ಗಳಲ್ಲಿ ಆ ರಾಜರು ಅಲ್ವರಿನ ಜೈಸಿಂಗ್. ಕೆಲವದರಲ್ಲಿ ಪಟಿಯಾಲಾದ ಭೂಪಿಂದರ್ ಸಿಂಗ್, ಇನ್ನು ಕೆಲವದರಲ್ಲಿ ಭರತ್‌ಪುರದ ರಾಜ ಅಥವಾ ಹೈದರಾಬಾದಿನ ನಿಜಾಮ. ಒಂದೇ ಘಟನೆ ನಾಲ್ಕು ಸಂಸ್ಥಾನಗಳಲ್ಲಿ ನಡೆದಿರಲು ಸಾಧ್ಯವಿಲ್ಲ. ಕ್ಷಮೆ ಕೇಳಿದ ತಂತಿಯ ಪ್ರತಿಯಾಗಲಿ, ಕಾರುಗಳ ನಂಬರಾಗಲಿ ಈ ಫಾರ್ವರ್ಡ್‌ಗಳಲ್ಲಿ ಇರುವುದಿಲ್ಲ.

ಫೋಟೋದ ವಿಷಯಕ್ಕೆ ಬರೋಣ. 1936ರಲ್ಲಿ ಪ್ಯಾಲೆಸ್ಟೈನ್‌ನಲ್ಲಿ ಗಲಭೆ ನಡೆದಾಗ ರಸ್ತೆಗಳ ಮೇಲೆ ಮೊಳೆ ಚೆಲ್ಲುತ್ತಿದ್ದರು. ಟೈರು ಪಂಕ್ಚರ್ ಆಗದಿರಲೆಂದು ಅಲ್ಲಿನ ಜನ ಕಾರಿನ ಚಕ್ರದ ಮುಂದೆ ಪೊರಕೆ ಕಟ್ಟಿಕೊಂಡು ಓಡಾಡಿದರು. ಅಂಥ ಚಿತ್ರಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಸಂಗ್ರಹದಲ್ಲಿವೆ. ಅಂದರೆ ಕಾರಿಗೆ ಪೊರಕೆ ಕಟ್ಟಿದ್ದು ಕಂಡ ಮಾತ್ರಕ್ಕೆ ಅದು ಕಸ ಗುಡಿಸುವ ಕಾರು ಎನ್ನಲಾಗದು.

ಹಾಗೆಂದು ನಮ್ಮ ರಾಜರ ಬಳಿ ರೋಲ್ಸ್ ರಾಯ್ಸ್ ಇರಲಿಲ್ಲವೆಂದಲ್ಲ. ಸ್ವಾತಂತ್ರ್ಯಕ್ಕೆ ಮೊದಲು ನೂರಾರು ಕಾರುಗಳು ಭಾರತಕ್ಕೆ ಬಂದಿದ್ದವು. ಮೈಸೂರು ಅರಮನೆಯಲ್ಲೂ ಇದ್ದವು. ಮೈಸೂರು ಮಹಾರಾಜರು ಏಳೇಳರ ಲೆಕ್ಕದಲ್ಲಿ ಕಾರು ಕೊಳ್ಳುತ್ತಿದ್ದರು ಎಂಬ ಮಾತೂ ಓಡಾಡುತ್ತದೆ. ಕೇಳಲು ಚೆಂದ. ಆದರೆ ಇದನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು: ದಾಖಲೆ ಎಲ್ಲಿದೆ?

ಕ್ಲಬ್‌ಗಳು ಮಾಡುವ ಕೆಲಸವೇನು?

ಹಳೆ ಕಾರಿನ ಕ್ಲಬ್ ಎಂದರೆ ಹಣವಿದ್ದವರು ಭಾನುವಾರ ಕಾರು ತೊಳೆದು ಮೆರವಣಿಗೆ ಹೋಗುವುದು ಎಂದುಕೊಳ್ಳುವವರು ಬಹಳ. ಮೆರವಣಿಗೆ ಇದೆ, ನಿಜ. ಆದರೆ ಕ್ಲಬ್‌ಗಳ ದೊಡ್ಡ ಕೆಲಸ ದಾಖಲೆ ಕಾಯುವುದು.

ಎರಡನೇ ಮಹಾಯುದ್ಧಕ್ಕೆ ಮೊದಲು ರೋಲ್ಸ್ ರಾಯ್ಸ್ ಕಂಪನಿ ಇಡೀ ಕಾರನ್ನು ಮಾಡುತ್ತಿರಲಿಲ್ಲ. ಎಂಜಿನ್ ಕೂರಿಸಿದ ಚಾಸಿಯನ್ನು ಮಾತ್ರ ಕೊಡುತ್ತಿತ್ತು. ಹೂಪರ್, ಬಾರ್ಕರ್ ಮೊದಲಾದ ಕಂಪನಿಗಳು ಗಿರಾಕಿ ಕೇಳಿದಂತೆ ಅದರ ಮೇಲೆ ಬಾಡಿ ಕಟ್ಟುತ್ತಿದ್ದವು. ಹೀಗಾಗಿ ಒಂದು ಕಾರಿನಂತೆ ಇನ್ನೊಂದು ಇರುತ್ತಿರಲಿಲ್ಲ. ಕಾರಿನ ಗುರುತು ಹಿಡಿಯಲು ಚಾಸಿ ನಂಬರೇ ಆಧಾರ. ಯಾವ ಚಾಸಿ ಯಾರಿಗೆ ಹೋಯಿತು ಎಂದು ಕಂಪನಿ ಕಾರ್ಡಿನಲ್ಲಿ ಬರೆದಿಡುತ್ತಿತ್ತು. ಇಂಗ್ಲೆಂಡಿನಲ್ಲಿ 1957ರಲ್ಲಿ ಶುರುವಾದ ರೋಲ್ಸ್ ರಾಯ್ಸ್ ಎಂಥೂಸಿಯಾಸ್ಟ್ಸ್ ಕ್ಲಬ್ ಇಂಥ ದಾಖಲೆಗಳನ್ನು ಕಾಪಾಡಿಕೊಂಡು ಬಂದಿದೆ. ಹಳೆ ಕಾರಿನ ಬಗ್ಗೆ ಯಾರು ಏನೇ ಹೇಳಲಿ, ಬಲ್ಲವರು ಮೊದಲು ಕೇಳುವುದು ಚಾಸಿ ನಂಬರನ್ನು.

ನಮ್ಮಲ್ಲಿ ಬೆಂಗಳೂರಿನ ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಇದೆ. ಹಳೆ ಕಾರನ್ನು ಕಣ್ಣಾರೆ ನೋಡಬೇಕೆಂದರೆ ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಹೋಗಬಹುದು.

ಇದರಿಂದ ನಮಗೇನು?

ಚಂದ್ರಗುತ್ತಿಯಿಂದ ಶಿಕಾರಿಪುರದವರೆಗೆ ಹುಡುಕಿದರೂ ಯಾರ ಅಂಗಳದಲ್ಲೂ ರೋಲ್ಸ್ ರಾಯ್ಸ್ ಸಿಗಲಿಕ್ಕಿಲ್ಲ. ಆದರೆ ಅಜ್ಜನ ಕಾಲದ ಅಂಬಾಸಿಡರ್, ಜೀಪು, ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಜಾವಾ ಬೈಕು ಕೊಟ್ಟಿಗೆಯ ಮೂಲೆಯಲ್ಲಿ ಧೂಳು ಹಿಡಿದು ನಿಂತಿರುವ ಮನೆಗಳು ಎಲ್ಲ ಊರಲ್ಲೂ ಇವೆ. ಅಂಥ ಮನೆಯವರಿಗೆ ಬರುವ ಫಾರ್ವರ್ಡ್‌ಗಳು ಬೇರೆ ತರಹದವು. ಒಂದೊಂದಾಗಿ ನೋಡೋಣ.

“15 ವರ್ಷ ದಾಟಿದ ಗಾಡಿ ಗುಜರಿಗೇ ಹೋಗಬೇಕು”: ತಪ್ಪು. ಕರ್ನಾಟಕದಲ್ಲಿ ಖಾಸಗಿ ವಾಹನಕ್ಕೆ 15 ವರ್ಷವಾದ ಮೇಲೆ ಆರ್‌ಟಿಒ ಕಚೇರಿಯಲ್ಲಿ ತಪಾಸಣೆ ಮಾಡಿಸಿ, ಶುಲ್ಕ ಮತ್ತು ತೆರಿಗೆ ಕಟ್ಟಿ, ನೋಂದಣಿಯನ್ನು 5 ವರ್ಷಕ್ಕೆ ನವೀಕರಿಸಬಹುದು. ದೆಹಲಿ ಸುತ್ತಮುತ್ತ ಹೊಗೆಯ ಕಾರಣಕ್ಕೆ ಬೇರೆ ನಿರ್ಬಂಧಗಳು ಬಂದವು. ಆ ಸುದ್ದಿಯೇ ಇಡೀ ದೇಶದ ನಿಯಮವೆಂಬಂತೆ ಹರಿದಾಡುತ್ತದೆ. ಹೆದರಿ ಸಿಕ್ಕ ಬೆಲೆಗೆ ಗಾಡಿ ಮಾರಬೇಡಿ.

“ಹಳೇ ಗಾಡಿಯೆಲ್ಲ ವಿಂಟೇಜ್”: ಅಲ್ಲ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಮಾತ್ರ ವಿಂಟೇಜ್. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಜೀಪಿಗೆ ಬೇರೆ ಎಂಜಿನ್ ಕೂರಿಸಿದ್ದರೆ ಅರ್ಹತೆ ಕಷ್ಟ.

“ವಿಂಟೇಜ್ ನಂಬರ್ ಸಿಕ್ಕರೆ ಎಲ್ಲಿ ಬೇಕಾದರೂ ಓಡಿಸಬಹುದು”: ಇದೂ ತಪ್ಪು. ವಿಂಟೇಜ್ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆಮೇಲೆ 5 ವರ್ಷಕ್ಕೆ ನವೀಕರಿಸಲು 5,000 ರೂಪಾಯಿ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂದಿರುತ್ತದೆ. ಆದರೆ ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ರಿಪೇರಿ ಇಂಥ ಕಾರಣಗಳಿಗಷ್ಟೇ ರಸ್ತೆಗಿಳಿಸಬೇಕು. ದಿನಾ ಸೊರಬದ ಸಂತೆಗೆ ಹೋಗಲು, ಬಾಡಿಗೆಗೆ ಓಡಿಸಲು ಅವಕಾಶವಿಲ್ಲ.

“ಹಳೇ ಗಾಡಿಗೆ ಕೋಟಿ ಬೆಲೆ, ಈ ನಂಬರಿಗೆ ಫೋಟೋ ಕಳಿಸಿ”: ಎಚ್ಚರ! ಹಳೆ ನಾಣ್ಯ, ನೋಟು ಕೊಳ್ಳುತ್ತೇವೆಂದು ಶುಲ್ಕ, ಕಮಿಷನ್ ಹೆಸರಲ್ಲಿ ಹಣ ಕೀಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿತ್ತು. ಗಾಡಿಯ ಹೆಸರಲ್ಲೂ ಇದೇ ಆಟ ಆಡಬಹುದು. ಕೊಳ್ಳುವವರು ನಿಮಗೆ ಹಣ ಕೊಡಬೇಕು, ನಿಮ್ಮಿಂದ ಮುಂಗಡ ಕೇಳಿದರೆ ಅಲ್ಲಿಗೇ ಮಾತು ಮುಗಿಸಿ. ಒಟಿಪಿ, ಆಧಾರ್ ಪ್ರತಿ ಕೊಡಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಹಾಗಾದರೆ ಏನು ಮಾಡಬೇಕು?

ಮೊದಲು ಆರ್‌ಸಿ ಪುಸ್ತಕ ಹುಡುಕಿ. ಅದರಲ್ಲಿರುವ ಚಾಸಿ ಮತ್ತು ಎಂಜಿನ್ ನಂಬರು ಗಾಡಿಯ ಮೇಲೆ ಕೆತ್ತಿರುವ ನಂಬರಿಗೆ ಹೊಂದುತ್ತದೆಯೇ ನೋಡಿ. ಗಾಡಿ ಅಜ್ಜನ ಹೆಸರಿನಲ್ಲೇ ಉಳಿದಿದ್ದರೆ ವಾರಸುದಾರರ ಹೆಸರಿಗೆ ಮಾಡಿಸಿ. ಬಣ್ಣ ಹೊಡೆಸುವ ಮೊದಲು ಇದ್ದಂತೆಯೇ ಫೋಟೋ ತೆಗೆದಿಡಿ. ಬೆಲೆ ತಿಳಿಯಬೇಕಿದ್ದರೆ ಕ್ಲಬ್ಬಿನವರನ್ನೋ ಹಳೆ ಗಾಡಿ ಬಲ್ಲ ಮೆಕ್ಯಾನಿಕ್‌ನನ್ನೋ ಕೇಳಿ. ಗಾಡಿ ಸಂಪೂರ್ಣ ಕೆಟ್ಟು ಇನ್ನು ಬಳಸಲಾಗದು ಎಂದಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಸುಮ್ಮನೆ ಗುಜರಿಗೆ ಕೊಟ್ಟರೆ ನಿಮ್ಮ ಹೆಸರಿನ ನಂಬರನ್ನು ಬೇರೆ ಯಾರೋ ಬಳಸುವ ಅಪಾಯವಿದೆ.

ಕಸ ಹೊತ್ತ ರೋಲ್ಸ್ ರಾಯ್ಸ್ ಕಥೆ ನಮಗೆ ಇಷ್ಟವಾಗುವುದು ಅದು ನಿಜವೆಂಬ ಕಾರಣಕ್ಕಲ್ಲ. ಬಿಳಿಯರ ಸೊಕ್ಕು ಮುರಿದ ಖುಷಿ ಅದರಲ್ಲಿದೆ. ಆ ಖುಷಿ ತಪ್ಪಲ್ಲ. ಆದರೆ ಖುಷಿ ಕೊಟ್ಟಿದ್ದನ್ನೆಲ್ಲ ನಿಜವೆಂದು ಕಳಿಸುವ ಅಭ್ಯಾಸವಾದರೆ, ‘ಕೋಟಿ ಬೆಲೆ’ಯ ಮೆಸೇಜನ್ನೂ ಹಾಗೆಯೇ ನಂಬುತ್ತೇವೆ. ಮುಂದಿನ ಸಲ ಫಾರ್ವರ್ಡ್ ಒತ್ತುವ ಮೊದಲು ಕ್ಲಬ್ಬಿನವರಂತೆ ಕೇಳಿ: ಚಾಸಿ ನಂಬರ್ ಎಷ್ಟು?